ನಾಯಿಯ ಉಣ್ಣೆ, ಗೋಡೆಯ ಬಿರುಕು

ವಿದ್ಯಾರ್ಥಿಗಳೇ, ಮೈಲಾರಲಿಂಗನ ಗೊರವರು ಕಂಬಳಿ ತೊಟ್ಟು ನಾಯಿಯಂತೆ ಬೊಗಳುವುದನ್ನು ನಾವು ಕಂಡಿದ್ದೇವೆ. ನಮ್ಮ ಹೊಳಗುಂದದ ಸೀಮೆಯಲ್ಲಿ ಕುರಿಹಟ್ಟಿಗೂ ಹೊಲಕ್ಕೂ ನಾಯಿಯೇ ಕಾವಲು. ಆದರೆ ಅದರ ಕಿವಿಯಲ್ಲಿ ಔಡಲ ಬೀಜದಂತೆ ಊದಿದ ಉಣ್ಣೆಗಳನ್ನು ಕಂಡರೂ ಸುಮ್ಮನಿರುತ್ತೇವೆ. ಇದು ಸರಿಯಲ್ಲ.

ಉಣ್ಣೆ ರಕ್ತ ಹೀರುವುದಲ್ಲದೆ ರೋಗವನ್ನೂ ದಾಟಿಸುತ್ತದೆ. ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು ದನಗಳ ಒಂದು ಜ್ವರ ಉಣ್ಣೆಯಿಂದ ಹರಡುವುದೆಂದು 1893ರಲ್ಲಿ ಪ್ರಕಟಿಸಿದರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ಮಂಗನ ಕಾಯಿಲೆಯೂ ಉಣ್ಣೆಯಿಂದಲೇ ಬರುವುದು. ಆ ಉಣ್ಣೆಯ ಜಾತಿ ಬೇರೆ. ನಾಯಿಯ ಕಂದು ಉಣ್ಣೆಯಿಂದ ಹರಡುವ ರೋಗಗಳಲ್ಲಿ ಎರ್ಲಿಕಿಯೋಸಿಸ್ ಮತ್ತು ಬೆಬಿಸಿಯೋಸಿಸ್ ಮುಖ್ಯವಾದವು. ಮೊದಲನೆಯದರ ರೋಗಾಣು ಬಿಳಿ ರಕ್ತಕಣಗಳನ್ನು, ಎರಡನೆಯದರದು ಕೆಂಪು ರಕ್ತಕಣಗಳನ್ನು ಹೊಕ್ಕುತ್ತದೆ. ಜ್ವರ, ಊಟ ಬಿಡುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಹೆಣ್ಣು ಉಣ್ಣೆ ಹೊಟ್ಟೆ ತುಂಬಿದ ಮೇಲೆ ಕೆಳಕ್ಕೆ ಬಿದ್ದು, ಗೋಡೆಯ ಬಿರುಕು ಸೇರಿ ಸಾವಿರಾರು ಮೊಟ್ಟೆಯಿಡುತ್ತದೆ. ಮರಿಗೆ ಆರು ಕಾಲು, ಬೆಳೆದ ಮೇಲೆ ಎಂಟು. ಬೆಳೆಯುವ ಒಂದೊಂದು ಹಂತದಲ್ಲೂ ನಾಯಿಯ ಮೈಗೆ ಹತ್ತಿ ರಕ್ತ ಕುಡಿದು ಮತ್ತೆ ಉದುರುತ್ತದೆ. ಆದ್ದರಿಂದ ನಾಯಿಯ ಮೈಮೇಲೆ ಕಾಣುವುದು ಕೆಲವು. ಸಂದುಗೊಂದುಗಳಲ್ಲಿ ಅಡಗಿರುವುದು ಹಲವು.

ಇದನ್ನರಿಯದೆ ನಮ್ಮ ನೆರೆಯವರೊಬ್ಬರು ಹತ್ತಿ ಬೆಳೆಗೆ ಹೊಡೆಯುವ ಔಷಧವನ್ನು ತಮ್ಮ ನಾಯಿಗೆ ಸವರಿದರು. ಅದು ಮೈ ನೆಕ್ಕಿಕೊಂಡಿತು, ಬೆಳಗಾಗುವುದರೊಳಗೆ ಸತ್ತಿತು. ಗೋಡೆಯ ಉಣ್ಣೆಗಳು ಮಾತ್ರ ಹಾಗೆಯೇ ಉಳಿದವು. ಆ ಮನೆಯ ಮಗು ಮೂರು ದಿನ ಶಾಲೆಗೆ ಬರಲಿಲ್ಲ.

ಹಾಗಾದರೆ ಏನು ಮಾಡಬೇಕು?

1. ದಿನವೂ ನಾಯಿಯ ಕಿವಿ, ಕುತ್ತಿಗೆ, ಬೆರಳುಗಳ ಸಂದು ನೋಡಬೇಕು.

2. ಉಣ್ಣೆಯನ್ನು ಚರ್ಮಕ್ಕೆ ತಾಗಿದಂತೆ ಚಿಮುಟದಿಂದ ಹಿಡಿದು ನೇರವಾಗಿ ಮೆಲ್ಲನೆ ಎಳೆಯಬೇಕು. ಸೀಮೆಎಣ್ಣೆ ಹಾಕುವುದು, ಬೆಂಕಿ ತಾಗಿಸುವುದು, ಉಗುರಿನಲ್ಲಿ ಕುಕ್ಕುವುದು ಬೇಡ. ತೆಗೆದ ಉಣ್ಣೆಯನ್ನು ಸೋಪಿನ ನೀರಿಗೆ ಹಾಕಿ ಕೈ ತೊಳೆಯಬೇಕು.

3. ನಾಯಿ ಮಲಗುವ ಗೋಣಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹರಡಬೇಕು. ಗೋಡೆಯ ಬಿರುಕುಗಳನ್ನು ಮೆತ್ತಬೇಕು.

4. ಔಷಧವನ್ನು ಪಶುವೈದ್ಯರು ನಾಯಿಯ ತೂಕ ನೋಡಿ ಹೇಳಿದಂತೆಯೇ ಹಾಕಬೇಕು.

ತಂದೆತಾಯಿಗಳಲ್ಲಿ ನಮ್ಮ ವಿನಂತಿ: ಹೊಲದ ಔಷಧ ಹೊಲದಲ್ಲೇ ಇರಲಿ. ಮಕ್ಕಳೇ, ರಾತ್ರಿಯೆಲ್ಲ ನಮ್ಮನ್ನು ಕಾಯುವ ನಾಯಿಗೆ ಹಗಲು ಹತ್ತು ನಿಮಿಷ ಕೊಡುವುದು ನಮಗೆ ಹೆಚ್ಚಲ್ಲ. ಇಂದು ಸಂಜೆಯೇ ಅದರ ಕಿವಿ ನೋಡಿರಿ. ಬಳಿಕ ಗೋಡೆಯನ್ನೂ ನೋಡಿರಿ.