ಓದಿನೊಳಗಿನ ಪರಿಮಳ: ಹೊಸಬರಿಗೊಂದು ಪರಿಚಯ

ಸುಗಂಧಕ್ಕೂ ಸಾಹಿತ್ಯಕ್ಕೂ ಏನು ನಂಟು ಎಂದು ನೀವು ಕೇಳಿದರೆ, ಮೊದಲೇ ಪುಸ್ತಕ ತೆರೆಯಿರಿ ಎಂದು ನಾನು ಹೇಳುವುದಿಲ್ಲ. ಸಂಜೆ ಹೊತ್ತಿಗೆ ಮಂಗಳೂರಿನ ರಥಬೀದಿಗೆ ಹೋಗಿ ಹೂವಿನಂಗಡಿಯೊಂದರ ಮುಂದೆ ನಿಲ್ಲಿ. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಶಂಕರಪುರ ಮಲ್ಲಿಗೆ ಅಲ್ಲಿರುತ್ತದೆ. ಈ ಹೂವಿಗೆ ಚೆಂಡು, ಅಟ್ಟೆ ಎಂಬ ಲೆಕ್ಕವಿದೆ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇದನ್ನು ಬೆಳಗ್ಗೆ ಮೊಗ್ಗಾಗಿರುವಾಗಲೇ ಕೊಯ್ಯುತ್ತಾರೆ. ಗಿಡದಿಂದ ಬಿಡಿಸಿದ ಮೇಲೂ ಮಲ್ಲಿಗೆ ತನ್ನ ಪರಿಮಳವನ್ನು ಹುಟ್ಟಿಸುತ್ತಲೇ ಇರುತ್ತದೆ, ಸಂಜೆಗೆ ಬಿರಿಯುತ್ತದೆ.

ಮೂಸಿ ನೋಡಿದಿರಾ? ಈಗ ಆ ಪರಿಮಳ ಹೇಗಿದೆ ಎಂದು, ಮಲ್ಲಿಗೆಯ ಹೆಸರೆತ್ತದೆ, ಪಕ್ಕದವರಿಗೆ ಹೇಳಿ. 'ಗಮ್ಮೆನ್ನುತ್ತದೆ' ಎನ್ನುವಷ್ಟರಲ್ಲಿ ಮಾತು ಮುಗಿಯುತ್ತದೆ. ಬಣ್ಣಕ್ಕೆ ಕೆಂಪು, ಹಸಿರು ಎಂಬ ಹೆಸರುಗಳಿವೆ. ರುಚಿಗೆ ಸಿಹಿ, ಹುಳಿ, ಒಗರು ಇವೆ. ಪರಿಮಳವನ್ನು ಮಾತ್ರ ನಾವು ಅದು ಎಲ್ಲಿಂದ ಬಂತೋ ಆ ವಸ್ತುವಿನ ಹೆಸರಿನಿಂದಲೇ ಗುರುತಿಸುತ್ತೇವೆ: ಶ್ರೀಗಂಧದ್ದು, ಕೇದಗೆಯದ್ದು, ಮೊದಲ ಮಳೆಯ ಮಣ್ಣಿನದ್ದು. ಬರೆಯುವವರ ಕಷ್ಟ ಇಲ್ಲಿಂದಲೇ ಶುರು. ಹಾಗಾಗಿ ನಮ್ಮ ಪಾಠವೂ ಇಲ್ಲಿಂದಲೇ.

ಸುಗಂಧ ತಯಾರಿಸುವವರ ಕಷ್ಟ ಬೇರೆ. ಪರಿಮಳವೆಂದರೆ ವಸ್ತುವಿನಿಂದ ಎದ್ದು ಗಾಳಿಗೆ ಸೇರುವ ಅಣುಗಳು. ಬೇಗ ಮೂಗಿಗೆ ಬಂದದ್ದು ಬೇಗ ಹಾರಿಯೂ ಹೋಗುತ್ತದೆ. ಅದನ್ನು ಹಿಡಿದಿಡುವ ಹಳೆಯ ಉಪಾಯಗಳಲ್ಲಿ ಅತ್ತರು ಒಂದು. ಹೂವನ್ನೂ ನೀರನ್ನೂ ತಾಮ್ರದ ಹಂಡೆಗೆ ಹಾಕಿ, ಬಾಯಿ ಮುಚ್ಚಿ ಕಾಯಿಸುತ್ತಾರೆ. ಎದ್ದ ಆವಿ ಬಿದಿರಿನ ಕೊಳವೆಯಲ್ಲಿ ಹರಿದು, ತಣ್ಣೀರಿನಲ್ಲಿಟ್ಟ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಹಾಕಿಟ್ಟಿರುತ್ತಾರೆ. ಉತ್ತರ ಪ್ರದೇಶದ ಕನೌಜ್ ಈ ಕಸುಬಿಗೆ ಹೆಸರಾದ ಊರು. ಶ್ರೀಗಂಧದ ಎಣ್ಣೆ ನಿಧಾನಿ. ಬೇಗ ಆರುವುದಿಲ್ಲ, ತನ್ನೊಳಗೆ ಸೇರಿದ ಹೂವಿನ ಪರಿಮಳವನ್ನೂ ಬೇಗ ಬಿಟ್ಟುಕೊಡುವುದಿಲ್ಲ. ಇದನ್ನು ಆಧಾರ ಎಣ್ಣೆ ಎನ್ನೋಣ. ಇಂದಿನ ಅಗ್ಗದ ಅತ್ತರುಗಳಲ್ಲಿ ಆ ಎಣ್ಣೆ ಹುಡುಕಬೇಡಿ, ಸಿಗುವುದಿಲ್ಲ. ಆದರೂ ಮಂಗಳೂರಿನ ಬಂದರು ಕಡೆಗೆ ಹೋದಾಗ ಮಣಿಕಟ್ಟಿಗೆ ಒಂದು ಹನಿ ಅತ್ತರು ಹಚ್ಚಿಸಿಕೊಳ್ಳಿ. ತಕ್ಷಣ ತೀರ್ಪು ಕೊಡದೆ ಅರ್ಧ ಗಂಟೆ ಬಿಟ್ಟು ಮೂಸಿ, ರಾತ್ರಿ ಮತ್ತೊಮ್ಮೆ ಮೂಸಿ. ಮೊದಲು ಮೂಗಿಗೆ ಹೊಡೆದದ್ದು ಬೇರೆ, ಕೊನೆಗೆ ಚರ್ಮದ ಮೇಲೆ ಉಳಿದದ್ದು ಬೇರೆ ಎಂದು ನಿಮಗೇ ತಿಳಿಯುತ್ತದೆ.

ಈಗ ಪುಸ್ತಕಕ್ಕೆ ಬರೋಣ. ಒಳ್ಳೆಯ ಕವಿಯೂ ಪರಿಮಳಕ್ಕೊಂದು ಆಧಾರ ಹುಡುಕುತ್ತಾನೆ. ಅದು ಊರಾಗಿರಬಹುದು, ಋತುವಾಗಿರಬಹುದು, ಒಬ್ಬ ಮನುಷ್ಯನೇ ಆಗಿರಬಹುದು. ಬರೀ 'ಘಮಘಮ' ಎಂದು ಬರೆದ ಸಾಲು ಪುಟ ತಿರುಗಿಸುವುದರೊಳಗೆ ಆರಿಹೋಗುತ್ತದೆ.

ಪಂಪನನ್ನು ನೋಡಿ. 941ರ ಸುಮಾರಿಗೆ, ಇಂದಿನ ತೆಲಂಗಾಣದ ವೇಮುಲವಾಡದಲ್ಲಿ ಆಳುತ್ತಿದ್ದ ಅರಿಕೇಸರಿಯ ಆಸ್ಥಾನದಲ್ಲಿ ಕುಳಿತು ಅವನು, ಪಂಪಭಾರತವೆಂದೂ ಕರೆಯುವ 'ವಿಕ್ರಮಾರ್ಜುನ ವಿಜಯ' ಬರೆದ. ಅದರ ನಾಲ್ಕನೆಯ ಆಶ್ವಾಸದಲ್ಲಿ, ಎಂದರೆ ಅಧ್ಯಾಯದಲ್ಲಿ, ಅರ್ಜುನ ಬನವಾಸಿಗೆ ಬರುತ್ತಾನೆ. ತೆಂಕಣ ಗಾಳಿ ಮೈಗೆ ತಾಗಿದರೂ, ಇಂಪಾದ ಹಾಡು ಕಿವಿಗೆ ಬಿದ್ದರೂ, ಅರಳಿದ ಮಲ್ಲಿಗೆ ಕಣ್ಣಿಗೆ ಬಿದ್ದರೂ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ ಎನ್ನುವುದು ಅಲ್ಲಿಯ ಪ್ರಸಿದ್ಧ ಪದ್ಯದ ಭಾವ. ಇಲ್ಲಿ ಸ್ವಲ್ಪ ನಿಲ್ಲಿ. ಪಂಪ ಮಲ್ಲಿಗೆಯನ್ನು ಮೂಸುವ ಮಾತೇ ಎತ್ತಲಿಲ್ಲ. ನೋಡುವ ಮಾತಷ್ಟೇ ಇದೆ. ಆದರೂ ಓದುವ ನಿಮಗೆ ಪರಿಮಳ ಬಂದಿತಲ್ಲ! ಮೊದಲೇ ಗಾಳಿಯನ್ನು ತಂದಿಟ್ಟು, ಆಧಾರವಾಗಿ ಒಂದು ಊರನ್ನೇ ಇಟ್ಟಿದ್ದಾನೆ; ಉಳಿದ ಕೆಲಸ ನಿಮ್ಮ ಮೂಗಿನದ್ದು. ಪರಿಮಳವನ್ನು ಹೇಳದೆಯೇ ತರುವ ಈ ಜಾಣ್ಮೆಯನ್ನು ಮೀರಿಸಿದ ಪದ್ಯವನ್ನು ನಾನು ಕಂಡಿಲ್ಲ.

ಕಾಳಿದಾಸನ 'ಮೇಘದೂತ'ದಲ್ಲಿ ಆಧಾರವೆಂದರೆ ಮಳೆ. ಅಲ್ಲಿ ಜಿಂಕೆಗಳು ನೆನೆದ ನೆಲದ ಕಂಪನ್ನು ಮೂಸುತ್ತ ಮೋಡ ಸಾಗಿದ ದಾರಿಯನ್ನು ತೋರುತ್ತವೆ. ಬೇಂದ್ರೆಯವರು ಆ ಕಾವ್ಯವನ್ನು ಕನ್ನಡಕ್ಕೆ ತಂದಿದ್ದಾರೆ. ಅದೇ ಕಂಪನ್ನು ಕನೌಜಿನವರು ಮಣ್ಣಿನ ಬಿಲ್ಲೆಗಳನ್ನು ಕಾಯಿಸಿ, ಮಿಟ್ಟಿ ಅತ್ತರು ಎಂಬ ಹೆಸರಿನಲ್ಲಿ ಸೀಸೆಗೆ ತುಂಬುತ್ತಾರೆ. ಜೂನ್ ತಿಂಗಳಲ್ಲಿ ಮಂಗಳೂರಿನಲ್ಲಿದ್ದರೆ ನಿಮಗೆ ಸೀಸೆಯ ಖರ್ಚಿಲ್ಲ.

ಸುಗಂಧ ತಯಾರಿಕೆಯನ್ನೇ ಕಲಿಸುವ ಕನ್ನಡ ಗ್ರಂಥವೂ ಇದೆ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆ, ಬಾವಿ ತೋಡುವ ಜಾಗ, ವೈದ್ಯಗಳ ಜತೆಗೆ ಸುಗಂಧದ್ರವ್ಯಗಳ ವಿಚಾರವೂ ಬರುತ್ತದೆ. ಆ ಕಾಲಕ್ಕೆ ಅದು ಗೃಹಸ್ಥರು ತಿಳಿದಿರಬೇಕಾದ ವಿದ್ಯೆ.

ಪರಿಮಳವೆಂದರೆ ಬರೀ ಹಿತವಾದದ್ದು ಎಂದು ತಿಳಿಯಬೇಡಿ. ಮಲ್ಲಿಗೆಯಲ್ಲಿ ಇಂಡೋಲ್ ಎಂಬ ರಾಸಾಯನಿಕವಿದೆ. ಅದೇ ವಸ್ತು ಮಲದಲ್ಲೂ ಇದೆ. ಹೂವಿನಲ್ಲಿ ಅದು ಅತ್ಯಲ್ಪ, ಆದರೆ ಅದನ್ನು ತೆಗೆದರೆ ಮಲ್ಲಿಗೆ ಪೇಲವ. ಜರ್ಮನ್ ಲೇಖಕ ಪ್ಯಾಟ್ರಿಕ್ ಸುಸ್ಕಿಂಡ್ ಇದನ್ನು ಚೆನ್ನಾಗಿ ಬಲ್ಲ. 1985ರಲ್ಲಿ ಬಂದ ಅವನ 'ಪರ್ಫ್ಯೂಮ್' ಕಾದಂಬರಿ ತೊಡಗುವುದು ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನ ದುರ್ನಾತದಿಂದ. ಅದರ ನಾಯಕನ ಮೂಗು ಅಸಾಧಾರಣ, ಅವನ ಮೈಗೋ ವಾಸನೆಯೇ ಇಲ್ಲ.

ನಮ್ಮ ಹತ್ತಿರದ, ನನಗೆ ಬಹಳ ಇಷ್ಟದ ಉದಾಹರಣೆ ಮಾತ್ರ ಪುಸ್ತಕದಿಂದ ಬಂದದ್ದಲ್ಲ. ತುಳುವಿನಲ್ಲಿ ಹಾಡಿಕೊಂಡು ಬಂದ ದೀರ್ಘ ಕಥನಗಳಿಗೆ ಪಾಡ್ದನ ಎಂದು ಹೆಸರು. ಸಿರಿಯ ಪಾಡ್ದನದಲ್ಲಿ, ಮಕ್ಕಳಿಲ್ಲದ ಬೆರ್ಮ ಆಳ್ವನಿಗೆ ಪ್ರಸಾದವಾಗಿ ಗಂಧವೂ ಪಿಂಗಾರವೂ ಸಿಗುತ್ತವೆ. ಆ ಪ್ರಸಾದವೇ ಸಿರಿ ಎಂಬ ಹೆಣ್ಣುಮಗುವಾಗುತ್ತದೆ. ಪಿಂಗಾರವೆಂದರೆ ಅಡಿಕೆಯ ಹೂಗೊನೆ. ಹಾಳೆ ಸೀಳಿದ ಕೂಡಲೇ ತಣ್ಣನೆಯ ಕಂಪು ಸೂಸುತ್ತದೆ. ಇಲ್ಲಿ ಕಥಾನಾಯಕಿ ಹುಟ್ಟುವುದೇ ಸುಗಂಧದಿಂದ. ಗೋಪಾಲ ನಾಯ್ಕರು ಹಾಡಿದ ಈ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ತಮ್ಮ ಸಂಗಡಿಗರೊಂದಿಗೆ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದು 15,683 ಸಾಲುಗಳಷ್ಟಿದೆ. ಕಾರ್ಕಳ ತಾಲೂಕಿನ ನಂದಳಿಕೆಯ ಸಿರಿಜಾತ್ರೆಯಲ್ಲಿ ಆವೇಶಕ್ಕೊಳಗಾದ ಹೆಂಗಸರು ಕೈಯಲ್ಲಿ ಹಿಡಿಯುವುದೂ ಈ ಪಿಂಗಾರವನ್ನೇ. ಕಥೆಯನ್ನು ಕಿವಿಯಿಂದಲೂ ಮೂಗಿನಿಂದಲೂ ಒಟ್ಟಿಗೆ ಓದಬೇಕೆಂದಿದ್ದರೆ ಅಲ್ಲಿಗೇ ಹೋಗಬೇಕು.

ಎಲ್ಲಿಂದ ಶುರು ಮಾಡುವುದು? ಹಳಗನ್ನಡ ಕಷ್ಟವೆನಿಸಿದರೆ ಎಲ್. ಬಸವರಾಜು ಅವರ 'ಸರಳ ಪಂಪಭಾರತ' ತೆಗೆದುಕೊಂಡು ಬನವಾಸಿಯ ಪದ್ಯಗಳನ್ನಷ್ಟೇ ಓದಿ. ಪೆನ್ಸಿಲ್ ಹಿಡಿದು, ಪರಿಮಳ ಸುಳಿದ ಕಡೆಯಲ್ಲೆಲ್ಲ ಗುರುತು ಹಾಕಿ. ಕವಿ ಅಲ್ಲಿ ಯಾವುದನ್ನು ಆಧಾರವಾಗಿ ಇಟ್ಟಿದ್ದಾನೆ ಎಂದು ಅಂಚಿನಲ್ಲಿ ಬರೆದುಕೊಳ್ಳಿ. ಓದಲು ಕೂರುವ ದಿನ ಅತ್ತರು ಮಾತ್ರ ಹಚ್ಚಿಕೊಳ್ಳಬೇಡಿ.