ಬೇಟೆಗಾರರ ಕೈ ರೇಡಿಯೊ: ಆರಿಸುವ ಮೊದಲು ತಿಳಿಯಬೇಕಾದ ವಿಜ್ಞಾನ

ದಟ್ಟವಾದ ಕಾಡಿನಲ್ಲಿ ಮನುಷ್ಯನ ಕೂಗು ಎಷ್ಟು ದೂರ ಕೇಳಿಸೀತು? ಮರಗಳೂ ತರಗೆಲೆಗಳೂ ಅದನ್ನು ಬಹುಬೇಗ ನುಂಗಿಬಿಡುವುವು; ನಡುವೆ ಒಂದು ದಿಣ್ಣೆ ಬಂದರಂತೂ ಮಾತೇ ಇಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರತಿವರ್ಷವೂ ಶರತ್ಕಾಲ ಬಂದೊಡನೆ ಲಕ್ಷಾಂತರ ಜನರು ಸರಕಾರದಿಂದ ಅನುಮತಿ ಪಡೆದು ಜಿಂಕೆಯ ಬೇಟೆಗೆ ಹೊರಡುತ್ತಾರೆ. ತಂದೆ ಮಕ್ಕಳು, ಅಣ್ಣ ತಮ್ಮಂದಿರು, ನೆರೆಹೊರೆಯವರು ಒಂದು ಗುಂಪಾಗಿ ಹೋಗುವುದು ಅಲ್ಲಿಯ ಪದ್ಧತಿ. ಬೆಳಕು ಹರಿಯುವ ಮೊದಲೇ ಅವರು ಬೇರೆ ಬೇರೆ ಕಡೆಗಳಿಗೆ ಚದರಿಹೋಗಿ ಕಾದು ಕುಳಿತುಕೊಳ್ಳುತ್ತಾರೆ. ಒಬ್ಬನು ಕೊರಕಲಿಗೆ ಜಾರಿ ಕಾಲು ಮುರಿದುಕೊಳ್ಳಬಹುದು. ಇನ್ನೊಬ್ಬನಿಗೆ ದಾರಿ ತಪ್ಪಬಹುದು. ಮತ್ತೊಬ್ಬನು ಪೊದೆಯ ಹಿಂದೆ ಏನೋ ಅಲುಗಿದುದನ್ನು ಕಂಡು ಬಂದೂಕವನ್ನು ಎತ್ತಬಹುದು. ಜೊತೆಗಾರರು ಆ ಗಳಿಗೆಯಲ್ಲಿ ಎಲ್ಲಿದ್ದಾರೆಂಬುದು ತಿಳಿದಿರುವುದು ಜೀವ ಮರಣಗಳ ಪ್ರಶ್ನೆಯಾಗುತ್ತದೆ. ಇಂತಹ ಎಷ್ಟೋ ಕಾಡುಗಳಲ್ಲಿ ಮೊಬೈಲ್ ದೂರವಾಣಿಗೆ ಗೋಪುರಗಳ ನೆರವು ದೊರೆಯದು. ಆದುದರಿಂದಲೇ ಬೇಟೆಗಾರರು ವಾಕಿಟಾಕಿ ಎಂಬ ಚಿಕ್ಕ ಕೈ ರೇಡಿಯೊವನ್ನು ಕೊಂಡೊಯ್ಯುವುದು.

ಈ ಯಂತ್ರ ಹುಟ್ಟಿದುದೂ ಕಾಡಿನ ಅಗತ್ಯದಿಂದಲೇ ಎನ್ನಬಹುದು. ಕೆನಡಾ ದೇಶದ ಡೊನಾಲ್ಡ್ ಹಿಂಗ್ಸ್ ಎಂಬವರು ೧೯೩೭ರಲ್ಲಿ, ದೂರದ ನಿರ್ಜನ ಪ್ರದೇಶಗಳಲ್ಲಿ ಹಾರಾಡುತ್ತಿದ್ದ ವಿಮಾನ ಚಾಲಕರ ಉಪಯೋಗಕ್ಕೆಂದು, ಹೊತ್ತೊಯ್ಯಬಹುದಾದ ರೇಡಿಯೊವೊಂದನ್ನು ನಿರ್ಮಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ಬೆನ್ನಿನ ಮೇಲೆ ಹೊರುತ್ತಿದ್ದ ಎಸ್.ಸಿ.ಆರ್. ೩೦೦ ಎಂಬ ಯಂತ್ರದ ತೂಕ ಸುಮಾರು ೧೫ರಿಂದ ೧೭ ಕಿಲೋಗ್ರಾಂ. ಕೈಯಲ್ಲಿ ಹಿಡಿಯುತ್ತಿದ್ದ ಎಸ್.ಸಿ.ಆರ್. ೫೩೬ ಎಂಬುದು ೨ ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗುತ್ತಿದ್ದಿತು. ಇಂದಿನ ಯಂತ್ರ ಅಂಗಿಯ ಜೇಬಿನಲ್ಲಿ ಅಡಗುತ್ತದೆ. ಆದರೆ ಗಾತ್ರ ಕಿರಿದಾದರೂ ಅದು ವಿಧೇಯವಾಗಿರಬೇಕಾದ ಪ್ರಕೃತಿ ನಿಯಮಗಳು ಬದಲಾಗಿಲ್ಲ. ಆ ನಿಯಮಗಳನ್ನು ಬಲ್ಲವನು ಅಂಗಡಿಯಲ್ಲಿ ಮೋಸಹೋಗುವುದಿಲ್ಲ.

ಪೆಟ್ಟಿಗೆಯ ಮೇಲಿನ ಮೈಲಿಗಳು

ಅಮೆರಿಕದ ಅಂಗಡಿಗಳಲ್ಲಿ ಮಾರುವ ಕೈ ರೇಡಿಯೊಗಳ ಪೆಟ್ಟಿಗೆಯ ಮೇಲೆ ‘೩೬ ಮೈಲಿಗಳವರೆಗೆ’ ಎಂಬ ಬರೆಹ ಕಾಣುವುದುಂಟು. ೩೬ ಮೈಲಿಯೆಂದರೆ ೫೮ ಕಿಲೋಮೀಟರು. ಇದು ನಿಜವೆ? ಸ್ವಲ್ಪ ಲೆಕ್ಕ ಮಾಡಿ ನೋಡೋಣ.

ಈ ಯಂತ್ರಗಳು ಬಳಸುವ ಅತ್ಯುಚ್ಚ ಆವೃತ್ತಿಯ ತರಂಗಗಳು ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿ ಚಲಿಸುತ್ತವೆ. ಭೂಮಿಯಾದರೋ ಗುಂಡಗಿದೆ. ಆದುದರಿಂದ ಸ್ವಲ್ಪ ದೂರ ಹೋದಮೇಲೆ ನೆಲವೇ ತರಂಗಕ್ಕೆ ಅಡ್ಡ ಬರುತ್ತದೆ. ವಾತಾವರಣದ ವಕ್ರೀಭವನದಿಂದ ರೇಡಿಯೊ ತರಂಗ ಕೊಂಚ ಕೆಳಕ್ಕೆ ಬಾಗುವುದರಿಂದ, ಅದರ ದಿಗಂತ ಕಣ್ಣಿನ ದಿಗಂತಕ್ಕಿಂತ ತುಸು ದೂರದಲ್ಲಿರುತ್ತದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ೪.೧೨ರಿಂದ ಗುಣಿಸಿದರೆ ಈ ರೇಡಿಯೊ ದಿಗಂತದ ದೂರ ಕಿಲೋಮೀಟರಿನಲ್ಲಿ ದೊರೆಯುವುದು.

ನಿಂತಿರುವ ಮನುಷ್ಯನ ಬಾಯಿಯ ಬಳಿ ಯಂತ್ರವಿದ್ದರೆ ಅದರ ಎತ್ತರ ಸುಮಾರು ೧.೫ ಮೀಟರು. ಇದರ ವರ್ಗಮೂಲ ೧.೨೨, ದಿಗಂತ ೫ ಕಿಲೋಮೀಟರು. ಎದುರಿನವನದೂ ಅಷ್ಟೇ ಆದುದರಿಂದ ಇಬ್ಬರೂ ಸೇರಿ ೧೦ ಕಿಲೋಮೀಟರು. ಇದು ಮರ, ಮನೆ, ದಿಣ್ಣೆ ಏನೊಂದೂ ಇಲ್ಲದ ಸಮತಲದ ಮಾತು. ಹಾಗಾದರೆ ೫೮ ಕಿಲೋಮೀಟರು ಬರುವುದು ಹೇಗೆ? ಒಬ್ಬನು ಬಯಲಿನಲ್ಲಿದ್ದು, ಮತ್ತೊಬ್ಬನು ಆ ಬಯಲಿಗಿಂತ ೧೬೫ ಮೀಟರು ಎತ್ತರದ ಬೆಟ್ಟದ ನೆತ್ತಿಯ ಮೇಲೆ ನಿಂತು, ಇಬ್ಬರ ನಡುವೆ ಏನೂ ಅಡ್ಡಿಯಿಲ್ಲದಿದ್ದರೆ ಈ ಲೆಕ್ಕ ಸರಿಹೋಗುತ್ತದೆ. ಪೆಟ್ಟಿಗೆಯ ಮಾತು ಪೂರ್ಣ ಸುಳ್ಳಲ್ಲ; ಆದರೆ ಬೇಟೆಗಾರನು ನಿಲ್ಲುವ ಸ್ಥಳದ ಮಾತಲ್ಲ. ಮರಗಳೂ ದಿಣ್ಣೆಗಳೂ ತುಂಬಿದ ಕಾಡಿನಲ್ಲಿ ಒಂದೆರಡು ಕಿಲೋಮೀಟರು ಸ್ಪಷ್ಟವಾಗಿ ಕೇಳಿಸಿದರೆ ತೃಪ್ತಿಪಡಬೇಕು. ಎರಡು ಯಂತ್ರಗಳ ಪೆಟ್ಟಿಗೆಗಳಲ್ಲಿನ ಮೈಲಿಗಳನ್ನು ಹೋಲಿಸಿ ಒಂದನ್ನು ಆರಿಸುವುದರಿಂದ ಏನೂ ಪ್ರಯೋಜನವಿಲ್ಲ.

ವಾಟು ಹೆಚ್ಚಿದರೆ ದೂರ ಹೆಚ್ಚುವುದೆ?

ಹೆಚ್ಚುವುದು, ಆದರೆ ನಾವು ನಿರೀಕ್ಷಿಸಿದಷ್ಟಲ್ಲ. ತೆರವಾದ ಆಕಾಶದಲ್ಲಿ ತರಂಗದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ನೆಲಕ್ಕೆ ಸಮೀಪದಲ್ಲಿ ಪರಿಸ್ಥಿತಿ ಇನ್ನೂ ಕಠಿನ. ನೇರವಾಗಿ ಬರುವ ತರಂಗವೂ ನೆಲಕ್ಕೆ ಬಡಿದು ಪ್ರತಿಫಲಿಸಿ ಬರುವ ತರಂಗವೂ ಒಂದನ್ನೊಂದು ಬಹುಮಟ್ಟಿಗೆ ಅಳಿಸಿಬಿಡುವುದರಿಂದ, ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಸಂಕೇತ ಕ್ಷೀಣಿಸುತ್ತದೆ. ಎಂದರೆ ದೂರವನ್ನು ಇಮ್ಮಡಿ ಮಾಡಬೇಕಾದರೆ ಸಾಮರ್ಥ್ಯವನ್ನು ೧೬ ಪಟ್ಟು ಹೆಚ್ಚಿಸಬೇಕು! ಅರ್ಧ ವಾಟಿನ ಯಂತ್ರದ ಬದಲು ಹತ್ತು ಪಟ್ಟು ಪ್ರಬಲವಾದ ೫ ವಾಟಿನ ಯಂತ್ರವನ್ನು ಕೊಂಡರೆ ದೊರೆಯುವ ದೂರ ಒಂದು ಮುಕ್ಕಾಲು ಪಟ್ಟು ಮಾತ್ರ. ೨ ವಾಟಿನಿಂದ ೫ ವಾಟಿಗೆ ಏರಿದರೆ ಲಾಭ ಸುಮಾರು ಕಾಲುಭಾಗ. ಬ್ಯಾಟರಿಯಾದರೋ ಅಷ್ಟಕ್ಕಷ್ಟೂ ಬೇಗ ಬರಿದಾಗುವುದು. ಹತ್ತು ಹೆಜ್ಜೆ ಮೇಲೇರಿ ದಿಣ್ಣೆಯ ನೆತ್ತಿಯಲ್ಲಿ ನಿಂತು ಮಾತನಾಡಿದರೆ ಇದಕ್ಕಿಂತ ಹೆಚ್ಚಿನ ಲಾಭ ಖರ್ಚಿಲ್ಲದೆ ದೊರಕುವುದುಂಟು.

ಮೂರು ಬಗೆಯ ಯಂತ್ರಗಳು

ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಜನಸಾಮಾನ್ಯರಿಗೆ ಬಿಟ್ಟುಕೊಟ್ಟಿರುವ ಆವೃತ್ತಿಗಳಲ್ಲಿ ಬೇಟೆಗಾರರಿಗೆ ಒದಗುವ ಮುಖ್ಯ ವಿಭಾಗಗಳು ಮೂರು.

ಮೊದಲನೆಯದು ೧೯೯೬ರಲ್ಲಿ ಆರಂಭವಾದ ಎಫ್.ಆರ್.ಎಸ್., ಅಂದರೆ ಕುಟುಂಬ ರೇಡಿಯೊ ಸೇವೆ. ಇದಕ್ಕೆ ಲೈಸೆನ್ಸು ಬೇಡ. ೪೬೨ ಮತ್ತು ೪೬೭ ಮೆಗಾಹರ್ಟ್ಸ್‌ಗಳ ಆಸುಪಾಸಿನಲ್ಲಿ ಒಟ್ಟು ೨೨ ಚಾನೆಲುಗಳಿವೆ. ೨೦೧೭ರ ತಿದ್ದುಪಡಿಯ ತರುವಾಯ ೧ರಿಂದ ೭ ಹಾಗೂ ೧೫ರಿಂದ ೨೨ರವರೆಗಿನ ಚಾನೆಲುಗಳಲ್ಲಿ ೨ ವಾಟಿನವರೆಗೆ ಅವಕಾಶವುಂಟು. ೮ರಿಂದ ೧೪ರವರೆಗಿನವುಗಳಲ್ಲಿ ಅರ್ಧ ವಾಟು ಮಾತ್ರ. ಕಾಡಿಗೆ ಹೋಗುವವರು ಈ ಏಳು ದುರ್ಬಲ ಚಾನೆಲುಗಳನ್ನು ಬಿಟ್ಟು ಉಳಿದವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಈ ಯಂತ್ರಗಳ ಆಂಟೆನಾವನ್ನು ಬಿಚ್ಚಿ ಬೇರೊಂದನ್ನು ಹಾಕುವಂತಿಲ್ಲ.

ಎರಡನೆಯದು ಜಿ.ಎಂ.ಆರ್.ಎಸ್. ಇದು ಅವೇ ಚಾನೆಲುಗಳನ್ನು ಹಂಚಿಕೊಂಡಿದೆ. ಆದುದರಿಂದ ಎರಡೂ ಬಗೆಯ ಯಂತ್ರಗಳು ಪರಸ್ಪರ ಮಾತನಾಡಬಲ್ಲವು. ಇದರಲ್ಲಿ ೫ ವಾಟಿನ ಕೈ ರೇಡಿಯೊಗಳು ಸಾಮಾನ್ಯ. ಉದ್ದವಾದ ಆಂಟೆನಾವನ್ನು ಜೋಡಿಸಬಹುದು; ಬೆಟ್ಟದ ಮೇಲಿರುವ ಪುನಃಪ್ರಸಾರ ಯಂತ್ರದ ಮೂಲಕ ಮಾತನ್ನು ದೂರಕ್ಕೆ ಸಾಗಿಸಬಹುದು. ಆದರೆ ಲೈಸೆನ್ಸು ಅವಶ್ಯಕ. ೨೦೨೨ರಿಂದ ಅದರ ಶುಲ್ಕ ಹತ್ತು ವರ್ಷಕ್ಕೆ ೩೫ ಡಾಲರು. ಪರೀಕ್ಷೆಯಿಲ್ಲ, ಒಬ್ಬರು ಪಡೆದರೆ ಅವರ ಹತ್ತಿರದ ಕುಟುಂಬದವರೂ ಬಳಸಬಹುದು.

ಮೂರನೆಯದು ೨೦೦೦ದಲ್ಲಿ ಏರ್ಪಟ್ಟ ಮರ್ಸ್. ಇದಕ್ಕೂ ಲೈಸೆನ್ಸು ಬೇಡ. ೧೫೧ರಿಂದ ೧೫೪ ಮೆಗಾಹರ್ಟ್ಸ್‌ಗಳ ನಡುವೆ ಐದೇ ಚಾನೆಲುಗಳು. ಸಾಮರ್ಥ್ಯ ೨ ವಾಟು.

ಇವುಗಳಲ್ಲಿ ಕಾಡಿಗೆ ಯಾವುದು ಮೇಲು? ಇಲ್ಲಿ ತರಂಗದೂರವನ್ನು ಗಮನಿಸಬೇಕು. ೩೦೦ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ತರಂಗದೂರ ಮೀಟರಿನಲ್ಲಿ ಬರುತ್ತದೆ. ಮೊದಲ ಎರಡು ಬಗೆಗಳಲ್ಲಿ ಅದು ೬೫ ಸೆಂಟಿಮೀಟರು. ಮರ್ಸ್‌ನಲ್ಲಿ ಸುಮಾರು ೨ ಮೀಟರು, ಅಂದರೆ ಮೂರರಷ್ಟು. ಉದ್ದ ತರಂಗ ದಿಣ್ಣೆಯ ಅಂಚಿನಲ್ಲಿ ಹೆಚ್ಚು ಬಾಗುತ್ತದೆ, ಇದೇ ವಿವರ್ತನೆ. ದಿಣ್ಣೆಯ ಹಿಂದಿನ ನೆರಳಿನಲ್ಲಿ ಆಳವಾಗಿ ಕುಳಿತವನಿಗೆ ತಲಪುವ ಪಾಲು ತರಂಗದೂರದೊಡನೆ ಹೆಚ್ಚುವುದರಿಂದ, ಅಂಚಿನಲ್ಲಿ ಆಗುವ ನಷ್ಟ ಮರ್ಸ್‌ನಲ್ಲಿ ಮೂರನೆಯ ಒಂದರಷ್ಟೇ. ಹಸಿ ಎಲೆಗಳೂ ಕೊಂಬೆಗಳೂ ಹೀರಿಕೊಳ್ಳುವುದು ಸಹ ಇದರಲ್ಲಿ ಕಡಿಮೆ. ಆದುದರಿಂದ ಮರಗಳು ದಟ್ಟವಾಗಿರುವ ಏರುತಗ್ಗಿನ ಪ್ರದೇಶಕ್ಕೆ ಮರ್ಸ್ ಅನುಕೂಲ. ಆದರೆ ತರಂಗದೂರದ ಕಾಲುಭಾಗವಿರಬೇಕಾದ ಆಂಟೆನಾ ಇದರಲ್ಲಿ ೪೯ ಸೆಂಟಿಮೀಟರು. ಅದನ್ನು ಅತಿಯಾಗಿ ಮೊಟಕುಗೊಳಿಸಿದ ಯಂತ್ರದಲ್ಲಿ ಈ ಲಾಭದ ಒಂದಂಶ ಕೈಬಿಟ್ಟುಹೋಗುವುದು. ೬೫ ಸೆಂಟಿಮೀಟರಿನ ತರಂಗಕ್ಕೆ ೧೬ ಸೆಂಟಿಮೀಟರಿನ ಕಡ್ಡಿ ಸಾಕು. ಕಣಿವೆಯಾಚೆಗಿನ ಇಳಿಜಾರು ಕಣ್ಣಿಗೆ ಕಾಣುವಂತಹ ಪಶ್ಚಿಮದ ತೆರೆದ ಬೆಟ್ಟಗಳಲ್ಲಿ ಜಿ.ಎಂ.ಆರ್.ಎಸ್. ಚೆನ್ನಾಗಿ ಸಾಗುತ್ತದೆ.

ಒಂದು ಮಾತನ್ನು ಮರೆಯಬಾರದು: ಮರ್ಸ್ ಯಂತ್ರದಿಂದ ಎಫ್.ಆರ್.ಎಸ್. ಚಾನೆಲಿನಲ್ಲಿರುವವನನ್ನು ಕರೆಯಲಾಗದು. ಗುಂಪಿನ ಎಲ್ಲರೂ ಒಂದೇ ವಿಭಾಗವನ್ನು ಆರಿಸಿಕೊಳ್ಳಬೇಕು.

‘ಗೋಪ್ಯ ಸಂಕೇತ’ವೆಂಬ ಭ್ರಮೆ

ಹಲವು ಯಂತ್ರಗಳಲ್ಲಿ ೩೮ ಅಥವಾ ಇನ್ನೂ ಹೆಚ್ಚು ‘ಗೋಪ್ಯ ಸಂಕೇತ’ಗಳಿವೆಯೆಂದು ಹೇಳಿಕೊಳ್ಳುತ್ತಾರೆ. ಇವು ಮಾತನ್ನು ಗೋಪ್ಯವಾಗಿಡುವುದಿಲ್ಲ. ಮಾತಿನೊಡನೆ ಕಿವಿಗೆ ಬೀಳದಂತಹ ಒಂದು ಮಂದ್ರ ಸ್ವರವನ್ನು ಪ್ರೇಷಕವು ಬೆರೆಸಿ ಕಳುಹಿಸುತ್ತದೆ. ಅದೇ ಸ್ವರ ಬಂದಾಗ ಮಾತ್ರ ಗ್ರಾಹಕವು ಬಾಯಿ ತೆರೆಯುತ್ತದೆ. ಸಂಕೇತವನ್ನು ಹಾಕಿಕೊಂಡವನಿಗೆ ಇತರರ ಗದ್ದಲ ಕೇಳಿಸದು. ಇತರರಿಗೆ ಮಾತ್ರ ಅವನ ಮಾತು ಚೆನ್ನಾಗಿಯೇ ಕೇಳಿಸುತ್ತದೆ! ಇದರಲ್ಲಿ ಅಪಾಯವೂ ಉಂಟು. ಸಮೀಪದಲ್ಲಿಯೇ ಅಪರಿಚಿತನೊಬ್ಬನು ಸಹಾಯಕ್ಕಾಗಿ ಕೂಗುತ್ತಿದ್ದರೂ ನಮ್ಮ ಯಂತ್ರ ಮೌನವಾಗಿರುವುದು. ಜೊತೆಗಾರನು ಚಳಿಯಲ್ಲಿ ಅಕಸ್ಮಾತ್ತಾಗಿ ಗುಂಡಿಯೊತ್ತಿ ಸಂಕೇತವನ್ನು ಬದಲಿಸಿಕೊಂಡರೆ ಅವನ ಕರೆಯೂ ನಮಗೆ ಮುಟ್ಟದು. ಗುಂಡಿಗಳನ್ನು ಬಿಗಿದಿಡುವ ಬೀಗದ ಸೌಕರ್ಯವಿರುವ ಯಂತ್ರವನ್ನು ಆರಿಸಿ, ಸಂಕೇತವನ್ನು ಸೊನ್ನೆಯಲ್ಲಿಡುವುದು ಕ್ಷೇಮ.

ಚಳಿ, ನೀರು ಮತ್ತು ಸದ್ದು

ಜಿಂಕೆಯ ಬೇಟೆಯ ಕಾಲದಲ್ಲಿ ಅಮೆರಿಕದ ಉತ್ತರ ಭಾಗಗಳಲ್ಲಿ ನೀರು ಹೆಪ್ಪುಗಟ್ಟುವ ಚಳಿ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಯಲ್ಲಿ ಮಂದವಾಗುವುದರಿಂದ ಸಾಮಾನ್ಯ ಕ್ಷಾರಕೋಶಗಳು ಬೇಗ ಸೋಲುತ್ತವೆ. ಪುನಃ ತುಂಬಲಾಗದ ಲಿಥಿಯಂ ಕೋಶಗಳು ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕೆಲಸಮಾಡಬಲ್ಲವು. ತುಂಬಬಹುದಾದ ಬ್ಯಾಟರಿಯ ಜೊತೆಗೆ ಇಂತಹ ಸಾಧಾರಣ ಕೋಶಗಳನ್ನೂ ಹಾಕಬಹುದಾದ ಯಂತ್ರ ಉತ್ತಮ. ಬ್ಯಾಟರಿ ಇಷ್ಟು ಗಂಟೆ ಬರುವುದೆಂಬ ಹೇಳಿಕೆ ಸಾಮಾನ್ಯವಾಗಿ ನೂರರಲ್ಲಿ ೫ ಪಾಲು ಮಾತು, ೫ ಪಾಲು ಕೇಳುವಿಕೆ, ೯೦ ಪಾಲು ಬರಿದೆ ಕಾಯುವಿಕೆ ಎಂಬ ಲೆಕ್ಕದ್ದು. ಹೆಚ್ಚು ಹರಟಿದರೆ ಸಂಜೆಗೆ ಮೊದಲೇ ಯಂತ್ರ ಸಾಯುವುದು.

ನೀರಿನ ರಕ್ಷಣೆಯನ್ನು ಐ.ಪಿ. ಎಂಬ ಅಂಕಿಯಿಂದ ಸೂಚಿಸುತ್ತಾರೆ. ಐ.ಪಿ. ೬೭ ಎಂದಿದ್ದರೆ ಧೂಳು ಒಳಹೋಗದು. ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ತೊರೆ ದಾಟುವವನಿಗೆ ಇದು ಬೇಕಾದ ಗುಣ. ಮೃಗವು ಬೆದರದಂತೆ ಕಿವಿಗೆ ಸಿಕ್ಕಿಸುವ ಶ್ರವಣಿಯೂ, ಕರೆ ಬಂದಾಗ ಸದ್ದಿಲ್ಲದೆ ಕಂಪಿಸುವ ಏರ್ಪಾಡೂ ಇದ್ದರೆ ಅನುಕೂಲ. ೧೬೨.೪ರಿಂದ ೧೬೨.೫೫ ಮೆಗಾಹರ್ಟ್ಸ್‌ಗಳಲ್ಲಿ ಪ್ರಸಾರವಾಗುವ ಅಲ್ಲಿಯ ಹವಾಮಾನ ಸಮಾಚಾರವನ್ನು ಕೇಳಬಲ್ಲ ಯಂತ್ರವಾದರೆ ಹಿಮದ ಬಿರುಗಾಳಿಯ ಮುನ್ಸೂಚನೆಯೂ ದೊರೆಯುವುದು.

ಬಳಸುವ ಕ್ರಮ

ಒಳ್ಳೆಯ ಯಂತ್ರವೂ ಅರಿಯದವನ ಕೈಯಲ್ಲಿ ವ್ಯರ್ಥ. ಮಾತನಾಡುವಾಗ ಆಂಟೆನಾ ನೆಟ್ಟಗೆ ನಿಂತಿರಬೇಕು; ಒಬ್ಬನದು ನೆಟ್ಟಗೆ ಇನ್ನೊಬ್ಬನದು ಅಡ್ಡವಾಗಿದ್ದರೆ ಸಂಕೇತ ಬಹಳ ಕುಗ್ಗುತ್ತದೆ. ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿಕೊಂಡೇ ಮಾತನಾಡಿದರೆ ದೇಹವು ತರಂಗವನ್ನು ಹೀರಿಕೊಳ್ಳುತ್ತದೆ. ಹೊರಡುವ ಮೊದಲು ಎಲ್ಲರೂ ಒಂದು ಚಾನೆಲನ್ನೂ, ಅದು ಕೆಟ್ಟರೆ ಬಳಸಲು ಇನ್ನೊಂದನ್ನೂ ಗೊತ್ತುಮಾಡಿಕೊಳ್ಳಬೇಕು. ಗಂಟೆಗೊಮ್ಮೆ ಪ್ರತಿಯೊಬ್ಬನೂ ತಾನಿರುವ ಎಡೆಯನ್ನು ತಿಳಿಸಬೇಕು. ಉತ್ತರ ಬಾರದಿದ್ದರೆ ಯಾರು ಎಲ್ಲಿಗೆ ಹೋಗಿ ಹುಡುಕಬೇಕೆಂಬುದೂ ಮೊದಲೇ ನಿಶ್ಚಯವಾಗಿರಬೇಕು. ಒಂಟಿಯಾಗಿ ಬಹುದೂರ ಹೋಗುವವನಿಗೆ ಕೈ ರೇಡಿಯೊ ಸಾಲದು. ೪೦೬ ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಗಳಿಗೆ ಅಪಾಯದ ಸೂಚನೆ ಕಳುಹಿಸುವ ಸಾಧನ ಅವನಿಗೆ ಬೇಕು.

ಇನ್ನು ಬೇಟೆಯ ನೀತಿಯ ಮಾತು. ‘ಇದೋ, ಜಿಂಕೆ ನಿನ್ನ ಕಡೆಗೆ ಬರುತ್ತಿದೆ’ ಎಂದು ರೇಡಿಯೊದಲ್ಲಿ ಸೂಚಿಸಿ ಕೊಲ್ಲಿಸುವುದು ಅಮೆರಿಕದ ಕೆಲವು ರಾಜ್ಯಗಳಲ್ಲಿ ಅಪರಾಧ. ಥಿಯೊಡೋರ್ ರೂಸ್‌ವೆಲ್ಟ್ ೧೮೮೭ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಕೂಡ ಇಂತಹ ಬೇಟೆಯನ್ನು ನ್ಯಾಯವಾದುದೆಂದು ಎಣಿಸುವುದಿಲ್ಲ. ಮೃಗಕ್ಕೆ ತಪ್ಪಿಸಿಕೊಳ್ಳಲು ಅವಕಾಶವಿರಬೇಕೆಂಬುದು ಅದರ ತತ್ತ್ವ. ರೇಡಿಯೊ ಇರುವುದು ಮನುಷ್ಯರನ್ನು ಕಾಪಾಡುವುದಕ್ಕೆ.

ನಮ್ಮ ದೇಶದ ಸಂಗತಿ ಬೇರೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಇಲ್ಲಿ ವನ್ಯಮೃಗಗಳ ಬೇಟೆ ನಿಷಿದ್ಧ. ಕಾಡಿನಲ್ಲಿ ವಾಕಿಟಾಕಿ ಹಿಡಿದವನು ಸಾಮಾನ್ಯವಾಗಿ ಬೇಟೆಯನ್ನು ತಡೆಯುವ ಅರಣ್ಯ ರಕ್ಷಕನೇ. ಅವನಿಗೂ ದಿಣ್ಣೆ, ಮರ, ದಿಗಂತಗಳ ಲೆಕ್ಕ ಇದೇ. ೨೦೧೮ರ ನಿಯಮಗಳಂತೆ ಭಾರತದಲ್ಲಿ ೪೪೬.೦ರಿಂದ ೪೪೬.೨ ಮೆಗಾಹರ್ಟ್ಸ್‌ಗಳಲ್ಲಿ ಕೆಲಸಮಾಡುವ, ಸರಕಾರದ ಒಪ್ಪಿಗೆ ಪಡೆದ ಅಲ್ಪ ಸಾಮರ್ಥ್ಯದ ಯಂತ್ರಗಳಿಗೆ ಮಾತ್ರ ಲೈಸೆನ್ಸಿನಿಂದ ವಿನಾಯಿತಿಯುಂಟು. ಅಮೆರಿಕದಿಂದ ಬಂಧುಗಳು ಉಡುಗೊರೆಯಾಗಿ ತಂದುಕೊಡುವ ೪೬೨ ಮೆಗಾಹರ್ಟ್ಸಿನ ಜೋಡಿ ಇದಕ್ಕೆ ಒಳಪಡುವುದಿಲ್ಲ. ಅದನ್ನು ಇಲ್ಲಿ ಬಳಸಬಾರದು. ಚಾರಣಕ್ಕೆ ಹೋಗುವ ವಿದ್ಯಾರ್ಥಿಗಳು ಕೊಳ್ಳುವ ಮುನ್ನ ಯಂತ್ರದ ಮೇಲಿನ ಆವೃತ್ತಿಯನ್ನು ಓದಿಕೊಳ್ಳಲಿ. ಬೆಟ್ಟದ ನೆತ್ತಿ ಎಷ್ಟು ಮೀಟರು ಎತ್ತರವೆಂದು ತಿಳಿದುಕೊಂಡು ರೇಡಿಯೊ ದಿಗಂತವನ್ನು ತಾವೇ ಲೆಕ್ಕಹಾಕಲಿ. ಬಳಿಕ ಇಬ್ಬರು ಬೇರೆ ಬೇರೆ ಕಡೆ ನಿಂತು ಮಾತನಾಡಿ, ಆ ಲೆಕ್ಕಕ್ಕೂ ಕಾಡು ಕೊಡುವ ಉತ್ತರಕ್ಕೂ ಎಷ್ಟು ಅಂತರವೆಂಬುದನ್ನು ಬರೆದಿಟ್ಟುಕೊಳ್ಳಲಿ.