ಭೀಮೆಯ ನೀರು, ಮುಂಬಯಿಯ ದೀಪ: ಒಂದು ವಿದ್ಯುತ್ ಕಂಪನಿಯೂ ಜಗತ್ತಿನ ಹದಿನೇಳು ಗುರಿಗಳೂ

ತಿಂಗಳಿಗೊಮ್ಮೆ ಮನೆಗೆ ಬರುವ ದೀಪದ ಬಿಲ್ಲನ್ನು ನಾವು ಹೇಗೆ ನೋಡುತ್ತೇವೆ? ಕಟ್ಟಬೇಕಾದ ಹಣವೆಷ್ಟು, ಕೊನೆಯ ತಾರೀಖು ಯಾವುದು ಎಂಬಷ್ಟನ್ನು ನೋಡಿ ಮಡಿಸಿಡುತ್ತೇವೆ. ಈಚಿನ ವರ್ಷಗಳಲ್ಲಿ ವಿದ್ಯುತ್ ಕಂಪನಿಗಳ ವಾರ್ಷಿಕ ವರದಿಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಇನ್ನೊಂದು ಮಾತು ಪದೇ ಪದೇ ಕಾಣಿಸುತ್ತದೆ. ತಮ್ಮ ವ್ಯವಹಾರವೆಲ್ಲ ಜಗತ್ತಿನ ಸುಸ್ಥಿರ ಅಭಿವೃದ್ಧಿಯ ಗುರಿಗಳಿಗೆ ಹೊಂದಿಕೊಂಡು ನಡೆಯುತ್ತಿದೆ ಎಂದು ಅವು ಹೇಳಿಕೊಳ್ಳುತ್ತವೆ. ಈ ಮಾತಿನ ಅರ್ಥವೇನು? ಅದು ಎಷ್ಟರ ಮಟ್ಟಿಗೆ ನಿಜವೆಂದು ನಮ್ಮಂಥ ಸಾಮಾನ್ಯರು ತಿಳಿಯುವುದು ಹೇಗೆ? ಈ ಪಾಠದಲ್ಲಿ ಅದನ್ನು ವಿಚಾರ ಮಾಡೋಣ.

ಉದಾಹರಣೆಗಾಗಿ ದೂರ ಹೋಗಬೇಕಾದುದಿಲ್ಲ. ಮುಂಬಯಿಗೆ ನೂರು ವರ್ಷಕ್ಕೂ ಮೇಲ್ಪಟ್ಟು ವಿದ್ಯುಚ್ಛಕ್ತಿಯನ್ನು ಒದಗಿಸುತ್ತಿರುವ ಟಾಟಾ ಪವರ್ ಕಂಪನಿಯನ್ನೇ ತೆಗೆದುಕೊಳ್ಳೋಣ. ಅದರ ಕಥೆಯೊಳಗೆ ನಮ್ಮ ನಾಡಿನ ಒಂದು ನದಿಯ ಕಥೆಯೂ ಸೇರಿಕೊಂಡಿದೆ.

ಗುರಿಗಳು ಯಾವುವು?

2015ರ ಸೆಪ್ಟೆಂಬರ್ ತಿಂಗಳಲ್ಲಿ ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳು 17 ಗುರಿಗಳನ್ನು ಒಪ್ಪಿಕೊಂಡವು. ಅವುಗಳ ಕೆಳಗೆ 169 ಉಪಗುರಿಗಳುಂಟು. ಹೆಚ್ಚಿನವಕ್ಕೆ 2030 ಗಡುವು. ಬಡತನವನ್ನು ತೊಲಗಿಸುವುದು ಮೊದಲನೆಯ ಗುರಿ. ಎಲ್ಲರಿಗೂ ಶುದ್ಧವಾದ ನೀರು ಆರನೆಯದು. ಎಲ್ಲರ ಕೈಗೆಟುಕುವ, ಹೊಗೆಯಿಲ್ಲದ ಶಕ್ತಿ ಏಳನೆಯದು. ಗೌರವದ ದುಡಿಮೆ ಎಂಟನೆಯದು. ಹವಾಮಾನ ಕೆಡದಂತೆ ನೋಡಿಕೊಳ್ಳುವುದು ಹದಿಮೂರನೆಯದು.

ಇವು ರಾಷ್ಟ್ರಗಳು ತಮಗೆ ತಾವೇ ಹಾಕಿಕೊಂಡ ಗುರಿಗಳು, ಕಂಪನಿಗಳನ್ನು ಕಟ್ಟಿಹಾಕುವ ಕಾನೂನಲ್ಲ. ಮುಖ್ಯವಾಗಿ ನಾವು ಮನಗಾಣಬೇಕಾದದ್ದು ಇಷ್ಟು: ಈ ಗುರಿಗಳು ಒಂದೇ ಮನೆಯ ಖರ್ಚಿನ ಬಾಬುಗಳಿದ್ದಂತೆ. ಬಾಡಿಗೆಗೆ ಹೆಚ್ಚು ಹೋದರೆ ದಿನಸಿಗೆ ಕಡಿಮೆ ಬೀಳುತ್ತದೆ. ಒಂದು ಗುರಿಯನ್ನು ಸಾಧಿಸುವಾಗ ಇನ್ನೊಂದಕ್ಕೆ ಪೆಟ್ಟು ಬೀಳಬಹುದು. ಆದ್ದರಿಂದ ಏಳನೆಯ ಗುರಿಯೊಂದನ್ನೇ ಎತ್ತಿ ತೋರಿಸಿದರೆ ಕಂಪನಿಯ ಲೆಕ್ಕ ಮುಗಿಯಲಿಲ್ಲ. ಹದಿನೇಳರ ಜಮಾ ಖರ್ಚನ್ನೂ ನೋಡಬೇಕು.

ಘಟ್ಟದ ಮೇಲಣ ಜಲಾಶಯಗಳು

ಒಂದು ಕಾಲಕ್ಕೆ ಮುಂಬಯಿಯ ಬಟ್ಟೆ ಗಿರಣಿಗಳು ಕಲ್ಲಿದ್ದಲು ಸುಟ್ಟು, ಹಬೆಯಿಂದ ನಡೆಯುತ್ತಿದ್ದವು. ಸಹ್ಯಾದ್ರಿಯ ಮಳೆನೀರಿನಿಂದ ಅವುಗಳನ್ನು ನಡೆಸಬೇಕೆಂಬುದು ಜಮಶೇಟಜಿ ಟಾಟಾ ಅವರ ಹಂಬಲವಾಗಿತ್ತು. ಅವರು 1904ರಲ್ಲಿ ತೀರಿಕೊಂಡರು. ಕಂಪನಿ ಹುಟ್ಟಿದ್ದು 1910ರಲ್ಲಿ. ಲೋಣಾವಳಾ, ವಳವಣ, ಶಿರೋತಾ ಜಲಾಶಯಗಳ ನೀರಿನಿಂದ 1915ರಲ್ಲಿ ಖೋಪೋಲಿಯ ವಿದ್ಯುದಾಗಾರ ನಡೆಯತೊಡಗಿತು. 1922ರಲ್ಲಿ ಠೋಕರವಾಡಿಯ ನೀರಿನಿಂದ ಭಿವಪುರಿ, 1927ರಲ್ಲಿ ಮುಳಶಿಯ ನೀರಿನಿಂದ ಭಿರಾ. ಈ ಮೂರೂ ಇಂದಿಗೂ ನಡೆಯುತ್ತಿವೆ. ಅವುಗಳ ಒಟ್ಟು ಸಾಮರ್ಥ್ಯ 447 ಮೆಗಾವಾಟ್.

ಇದರ ಲೆಕ್ಕ ಸುಲಭ. ಖೋಪೋಲಿಯಲ್ಲಿ ನೀರು ಕೊಳವೆಯೊಳಗೆ ಸುಮಾರು 500 ಮೀಟರ್ ಕೆಳಕ್ಕೆ ಧುಮುಕುತ್ತದೆ. ಅಷ್ಟು ಎತ್ತರದಿಂದ 1,000 ಲೀಟರ್ ನೀರು ಬಿದ್ದರೆ, ಯಂತ್ರದಲ್ಲಿ ನಷ್ಟವಾಗುವುದನ್ನು ಕಳೆದು, ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು ಸಿಗುತ್ತದೆ. ತಿಂಗಳಿಗೆ 100 ಯೂನಿಟ್ ಉರಿಸುವ ಸಂಸಾರವು ಅದನ್ನೆಲ್ಲ ಇಲ್ಲಿಂದಲೇ ಪಡೆಯುವುದಾದರೆ ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್ ನೀರು ಘಟ್ಟ ಇಳಿಯಬೇಕು. ಅದೇ 100 ಯೂನಿಟ್ಟನ್ನು ಕಲ್ಲಿದ್ದಲಿನಿಂದ ತೆಗೆದರೆ ಸುಮಾರು 90ರಿಂದ 100 ಕಿಲೋಗ್ರಾಂ ಇಂಗಾಲಾಮ್ಲ ವಾಯು ಗಾಳಿಗೆ ಸೇರುತ್ತದೆ. ಭೂಮಿಯ ಕಾವನ್ನು ಏರಿಸುತ್ತಿರುವುದು ಮುಖ್ಯವಾಗಿ ಈ ವಾಯುವೇ.

ಹೀಗಾಗಿ ಏಳನೆಯ ಮತ್ತು ಹದಿಮೂರನೆಯ ಗುರಿಗಳ ದೃಷ್ಟಿಯಿಂದ ಈ ಮೂರು ವಿದ್ಯುದಾಗಾರಗಳು ಮೆಚ್ಚತಕ್ಕವು. ಗುರಿಗಳು ಹುಟ್ಟುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಅವು ಹೊಗೆಯಿಲ್ಲದ ಶಕ್ತಿಯನ್ನು ಕೊಟ್ಟಿವೆ. ಆದರೆ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಪುಟವೂ ಇದೆ.

ಖರ್ಚಿನ ಪುಟ

ಮುಳಶಿಯ ಅಣೆಕಟ್ಟಿಗಾಗಿ ಐವತ್ತರಷ್ಟು ಹಳ್ಳಿಗಳ ಭೂಮಿ ಹೋಗಬೇಕಾಯಿತು. ಭತ್ತದ ಗದ್ದೆಗಳನ್ನು ಕಳೆದುಕೊಳ್ಳಲಿದ್ದ ಮಾವಳದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಮುಂದಾಳಾಗಿ ನಿಂತ ಪಾಂಡುರಂಗ ಮಹಾದೇವ ಬಾಪಟರು ಸೆರೆಮನೆ ಕಂಡರು. ಜನ ಅವರನ್ನು ಸೇನಾಪತಿ ಬಾಪಟ ಎಂದು ಕರೆದರು. ಸತ್ಯಾಗ್ರಹ ಸೋತಿತು, ಅಣೆಕಟ್ಟು ಎದ್ದಿತು. ಅಣೆಕಟ್ಟುಗಳ ವಿರುದ್ಧ ಜಗತ್ತಿನಲ್ಲಿ ನಡೆದ ಮೊದಮೊದಲ ಹೋರಾಟಗಳಲ್ಲಿ ಅದೂ ಒಂದು.

ಎರಡನೆಯ ಖರ್ಚು ನೀರಿನದು. ಇದು ನಮ್ಮ ಓದುಗರಲ್ಲಿ ಅನೇಕರ ಊರಿಗೇ ಸಂಬಂಧಪಟ್ಟದ್ದು. ಈ ಜಲಾಶಯಗಳನ್ನು ತುಂಬುವ ಇಂದ್ರಾಯಣಿ, ಆಂಧ್ರಾ, ಮುಳಾ ನದಿಗಳು ಹುಟ್ಟಿನಿಂದ ಪೂರ್ವಕ್ಕೆ ಹರಿಯತಕ್ಕವು. ಅವು ಭೀಮೆಯನ್ನು ಸೇರುತ್ತವೆ. ಭೀಮೆ ಸೊಲ್ಲಾಪುರದ ಸೀಮೆಯನ್ನು ದಾಟಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು, ದೇವಲ ಗಾಣಗಾಪುರದ ಮೆಟ್ಟಿಲುಗಳನ್ನು ತೊಳೆದು, ರಾಯಚೂರಿನ ಹತ್ತಿರ ಕೃಷ್ಣೆಯಲ್ಲಿ ಒಂದಾಗುತ್ತದೆ. ವಿದ್ಯುತ್ತಿಗಾಗಿ ಆ ನೀರನ್ನು ಪಶ್ಚಿಮಕ್ಕೆ ತಿರುಗಿಸಿ ಕೊಂಕಣಕ್ಕೆ ಇಳಿಸಿದಾಗ, ಅಷ್ಟು ನೀರು ಭೀಮೆಯ ಪಾಲಿಗೆ ಇಲ್ಲವಾಗುತ್ತದೆ. ಮಳೆ ಕೈಕೊಟ್ಟು ಊರು ಬಿಟ್ಟು ಬಂದವರ ಕೋಣೆಯ ದೀಪಕ್ಕೆ ಅದೇ ಸೀಮೆಯ ನದಿಯ ನೀರೂ ಸೇರಿದೆ ಎಂಬುದನ್ನು ನಾವು ತಿಳಿದಿರಬೇಕು.

ಇದಕ್ಕೆ ಮಿತಿಯೇ ಇಲ್ಲವೆಂದಲ್ಲ. ಕೃಷ್ಣಾ ನದಿಯ ವ್ಯಾಜ್ಯವನ್ನು ವಿಚಾರಿಸಿದ ಬಚಾವತ್ ನ್ಯಾಯಮಂಡಳಿ 1973ರಲ್ಲಿ ತೀರ್ಪಿತ್ತು, 1976ರಲ್ಲಿ ಅದನ್ನು ಅಂತಿಮಗೊಳಿಸಿತು. ಟಾಟಾ ಜಲವಿದ್ಯುತ್ತಿಗಾಗಿ ಮೇಲಣ ಭೀಮೆಯಿಂದ ಹೊರಕ್ಕೆ ಒಯ್ಯುವ ನೀರು ಯಾವ ವರ್ಷದಲ್ಲಿಯೂ 54.5 ಟಿ.ಎಂ.ಸಿ. ಮೀರಕೂಡದು, ಸಾಲಾಗಿ ಐದು ವರ್ಷಗಳಲ್ಲಿ 212 ಟಿ.ಎಂ.ಸಿ. ಮೀರಕೂಡದು ಎಂದು ಅದು ಗೊತ್ತುಪಡಿಸಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರ್.

ಹಾಗೆಂದು ಕೊಂಕಣಕ್ಕಿಳಿದ ನೀರು ಹಾಳಾಯಿತೆನ್ನುವಂತಿಲ್ಲ. ಭಿವಪುರಿಯಿಂದ ಹೊರಬಿದ್ದ ನೀರು ಉಲ್ಹಾಸ ನದಿಗೆ ಸೇರುತ್ತದೆ. ಕಲ್ಯಾಣ, ಡೊಂಬಿವಲಿ, ಉಲ್ಹಾಸನಗರದ ಕುಡಿಯುವ ನೀರಿಗೆ ಆ ನದಿ ಆಧಾರ. ಖೋಪೋಲಿಯದು ಪಾತಾಳಗಂಗೆಗೆ, ಭಿರಾದ್ದು ಕುಂಡಲಿಕೆಗೆ ಸೇರಿ ಊರುಗಳಿಗೂ ಕಾರಖಾನೆಗಳಿಗೂ ಒದಗುತ್ತದೆ. ಡೊಂಬಿವಲಿಯಲ್ಲಿ ನೆಲೆಸಿದ ನಮ್ಮವರ ನಲ್ಲಿಯ ನೀರಿನಲ್ಲಿಯೂ ಭೀಮೆಯ ಅಂಶವುಂಟು. ಭೀಮೆಯ ಕಣಿವೆಗೆ ಈ ನೀರನ್ನು ಮರಳಿ ಬಿಡಬೇಕೆಂಬ ಬೇಡಿಕೆ ಮಹಾರಾಷ್ಟ್ರದಲ್ಲಿಯೇ ಎದ್ದಿದೆ. ಯಾರದು ಸರಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೊಳವೆಗೆ ಹೋದ ನೀರು ಹಾಗೆಯೇ ಹೊರಬರುವುದರಿಂದ ಯಂತ್ರದ ಲೆಕ್ಕದಲ್ಲಿ ನೀರು ಖರ್ಚಾಗಲೇ ಇಲ್ಲ. ನದಿಯ ಲೆಕ್ಕದಲ್ಲಿಯಾದರೋ ಅದು ಪೂರ್ತಿ ಖರ್ಚಾಯಿತು. ಎರಡೂ ಲೆಕ್ಕಗಳು ಸುಳ್ಳಲ್ಲ. ಎಲ್ಲಿ ನಿಂತು ಎಣಿಸುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಕಲ್ಲಿದ್ದಲಿನ ಪುಟ

ನಗರ ಬೆಳೆದಂತೆ ಘಟ್ಟದ ನೀರು ಸಾಲದಾಯಿತು. 1956ರಲ್ಲಿ ಟ್ರಾಂಬೆಯಲ್ಲಿ ಉಷ್ಣ ವಿದ್ಯುದಾಗಾರ ಆರಂಭವಾಯಿತು. 1984ರಲ್ಲಿ ಅಲ್ಲಿ ಹೂಡಿದ 500 ಮೆಗಾವಾಟಿನ ಘಟಕವು ಆ ಗಾತ್ರದಲ್ಲಿ ದೇಶಕ್ಕೇ ಮೊದಲನೆಯದು. ಹೊಗೆಯಲ್ಲಿನ ಗಂಧಕವನ್ನು ಸಮುದ್ರದ ನೀರಿನಿಂದ ತೊಳೆಯುವ ಏರ್ಪಾಡು ಅಲ್ಲಿದೆ. ಇದರಿಂದ ಸುತ್ತಲಿನವರ ಉಸಿರಾಟಕ್ಕೆ ಅನುಕೂಲವೇ; ಆದರೆ ಇಂಗಾಲಾಮ್ಲ ವಾಯು ಇದರಿಂದ ಕಡಿಮೆಯಾಗದು.

ಇದೇ ಕಂಪನಿ ಕಚ್ಛದ ಮುಂದ್ರಾದಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುದಾಗಾರವನ್ನು 2012 ಮತ್ತು 2013ರಲ್ಲಿ ನಡೆಸತೊಡಗಿತು. ಮೀನುಗಾರಿಕೆಗೂ ಅಂತರ್ಜಲಕ್ಕೂ ಹಾನಿಯಾಯಿತೆಂದು ಅಲ್ಲಿನ ಬೆಸ್ತರೂ ರೈತರೂ ದೂರಿದರು. ಯೋಜನೆಗೆ ಸಾಲ ಕೊಟ್ಟಿದ್ದ ಅಂತರರಾಷ್ಟ್ರೀಯ ಹಣಕಾಸು ನಿಗಮದ ಮೇಲೆ 2015ರಲ್ಲಿ ಅಮೆರಿಕದಲ್ಲಿ ದಾವೆ ಹೂಡಿದರು. ಅಂಥ ಸಂಸ್ಥೆಗಳಿಗೆ ಕೋರ್ಟಿನಿಂದ ಸಂಪೂರ್ಣ ರಕ್ಷಣೆ ಇಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ಆದರೂ ದಾವೆ ಕೊನೆಗೆ ಮುಂದುವರಿಯಲಿಲ್ಲ. ಮುಂಬಯಿಯ ಜಲವಿದ್ಯುತ್ತನ್ನು ಜಮೆಗೆ ಬರೆದುಕೊಳ್ಳುವಾಗ ಮುಂದ್ರಾದ ಪುಟವನ್ನೂ ತೆರೆದು ನೋಡಬೇಕೆಂಬುದೇ ಇದರ ಪಾಠ.

ಈಗಿನ ವಾಗ್ದಾನಗಳು

ಕಂಪನಿ ಎರಡು ಮುಖ್ಯ ಗಡುವುಗಳನ್ನು ಸಾರಿದೆ. 2030ರೊಳಗೆ ನೀರಿನಲ್ಲಿ ಸಮತೋಲ ಸಾಧಿಸುವುದು, ಅಂದರೆ ಬಳಸಿದಷ್ಟನ್ನು ತುಂಬಿಕೊಡುವುದು; 2045ರೊಳಗೆ ಇಂಗಾಲದ ನಿವ್ವಳ ಲೆಕ್ಕವನ್ನು ಸೊನ್ನೆಗೆ ತರುವುದು. ಇಡೀ ದೇಶಕ್ಕೆ ಸರ್ಕಾರ 2021ರಲ್ಲಿ ಸಾರಿದ ಗಡುವು 2070.

ಇದಕ್ಕಾಗಿ ಕೈಗೊಂಡ ಕೆಲಸಗಳಲ್ಲಿ ಒಂದನ್ನು ವಿವರವಾಗಿ ತಿಳಿಯುವುದು ಲೇಸು. ಬಿಸಿಲಿನ ವಿದ್ಯುತ್ತು ಮಧ್ಯಾಹ್ನ ಹೇರಳ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇಲ್ಲ. ಆದ್ದರಿಂದ ಮಧ್ಯಾಹ್ನದ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಸಂಜೆ ಅದನ್ನೇ ಕೆಳಕ್ಕೆ ಬಿಟ್ಟು ವಿದ್ಯುತ್ತು ತೆಗೆಯುತ್ತಾರೆ. ಮೇಲೆತ್ತಲು ನೂರು ಯೂನಿಟ್ ಹಿಡಿದರೆ ಮರಳಿ ಸಿಗುವುದು ಎಪ್ಪತ್ತೈದರಿಂದ ಎಂಬತ್ತು. ಇಂಥದೊಂದು 150 ಮೆಗಾವಾಟಿನ ಘಟಕ ಭಿರಾದಲ್ಲಿ ಮೊದಲಿನಿಂದಲೇ ಇದೆ. ಭಿವಪುರಿಯಲ್ಲಿ 1,000, ಶಿರೋತಾದಲ್ಲಿ 1,800 ಮೆಗಾವಾಟಿನ ಹೊಸ ಯೋಜನೆಗಳಿಗೆ 2023ರಲ್ಲಿ ರಾಜ್ಯ ಸರ್ಕಾರದೊಡನೆ ಒಪ್ಪಂದವಾಯಿತು. ಇಲ್ಲಿ ಒಂದೇ ನೀರು ಮತ್ತೆ ಮತ್ತೆ ಮೇಲೇರಿ ಇಳಿಯುತ್ತದೆ. ಹಾಗೆ ನೋಡಿದರೆ ಶಕ್ತಿಯ ಗುರಿಯೂ ನೀರಿನ ಗುರಿಯೂ ಜಗಳವಾಡದೆ ಒಟ್ಟಿಗೆ ಸಾಗಲು ಇಲ್ಲಿ ಅವಕಾಶವುಂಟು. ಅವಕಾಶ ಕಾರ್ಯವಾಗುವುದೇ ಎಂಬುದನ್ನು ಕಾದು ನೋಡಬೇಕು.

ನಾವು ಕೇಳಬೇಕಾದ ಪ್ರಶ್ನೆಗಳು

ಯಾವ ವಿದ್ಯುತ್ ಕಂಪನಿಯ ವರದಿಯನ್ನು ಓದುವಾಗಲೂ ಈ ನಾಲ್ಕು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಳ್ಳಬೇಕು.

ಒಂದು: ಇಷ್ಟು ಕಡಿಮೆ ಮಾಡಿದೆವು ಎಂದರೆ, ಯಾವ ವರ್ಷಕ್ಕೆ ಹೋಲಿಸಿ? ಆರಂಭದ ಅಂಕಿ ಇಲ್ಲದ ಶೇಕಡಾ ಲೆಕ್ಕ, ಹಿಂದಿನ ಓದು ನಮೂದಿಸದ ಮೀಟರಿನ ಬಿಲ್ಲಿದ್ದಂತೆ.

ಎರಡು: ಲೆಕ್ಕ ಇಡೀ ಕಂಪನಿಯದೋ, ಚೆನ್ನಾಗಿ ನಡೆಯುತ್ತಿರುವ ಒಂದು ಶಾಖೆಯದೋ?

ಮೂರು: ಹೊಸದು ಬಂತು ಸರಿ, ಹಳೆಯದು ನಿಲ್ಲುವುದು ಯಾವಾಗ? ಬಿಸಿಲಿನ ವಿದ್ಯುತ್ತು ಹೆಚ್ಚಿದರೂ ಕಲ್ಲಿದ್ದಲು ಮೊದಲಿನಷ್ಟೇ ಉರಿದರೆ ಗಾಳಿಗೆ ಲಾಭವಿಲ್ಲ.

ನಾಲ್ಕು: ಇದರ ಬೆಲೆ ತೆರುವವರು ಯಾರು? ಭೂಮಿ ಬಿಟ್ಟವರೋ, ನದಿಯ ಕೆಳಗಿನ ಊರಿನವರೋ, ಹಳೆಯ ಘಟಕ ಮುಚ್ಚಿದರೆ ಕೆಲಸ ಕಳೆದುಕೊಳ್ಳುವ ಗುತ್ತಿಗೆಯ ಕಾರ್ಮಿಕರೋ, ಬಿಲ್ಲು ಕಟ್ಟುವ ನಾವೋ?

ಕೇಳಿದರೆ ಉತ್ತರಿಸುವವರು ಯಾರೆಂದು ಕೈಚೆಲ್ಲಬೇಕಾದುದಿಲ್ಲ. 2003ರ ವಿದ್ಯುತ್ ಕಾಯಿದೆಯ ಪ್ರಕಾರ ದರವನ್ನು ಗೊತ್ತುಪಡಿಸುವ ಮುನ್ನ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವು ಸಾರ್ವಜನಿಕರ ಸಲಹೆ ಆಕ್ಷೇಪಣೆಗಳನ್ನು ಪರಿಶೀಲಿಸತಕ್ಕದ್ದು. ಕಂಪನಿಯ ಅರ್ಜಿಯ ಸಾರಾಂಶ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಆಕ್ಷೇಪಣೆ ಬರೆಯಲು ವಕೀಲರಾಗಬೇಕೆಂಬ ನಿಯಮವಿಲ್ಲ, ಗ್ರಾಹಕರಾಗಿದ್ದರೆ ಸಾಕು. ಗುಮಾಸ್ತರಾಗಿ ದಿನವೆಲ್ಲ ಪರರ ಲೆಕ್ಕ ತಾಳೆ ನೋಡುವ ನಮ್ಮ ಓದುಗರಿಗೆ ಇದು ಕಷ್ಟದ ಕೆಲಸವಲ್ಲ. ಅಂಥ ಪ್ರಕಟಣೆ ಕಂಡಾಗ ನಾಲ್ವರು ಕೂಡಿ ಓದಿ, ತಿಳಿಯದವರಿಗೆ ತಿಳಿಸಿ, ಒಂದು ಪತ್ರ ಬರೆಯಬೇಕು. ಆ ಪತ್ರದಲ್ಲಿ ನಮ್ಮ ಬಿಲ್ಲಿನ ಮಾತಿನೊಡನೆ ಭೀಮೆಯ ಮಾತೂ ಒಂದು ಸಾಲು ಇರಲಿ.